ಚಿಕ್ಕಮ್ಮನ ಸಿಡುಕೂ ಗಡ್ಡೆಯ ಜೀನೂ

ನಮ್ಮ ಸಂಘದ ಆರೋಗ್ಯ ಶಿಬಿರದಲ್ಲಿ ಭಾಷಣಕಾರರು ಎಪಿಜೆನೆಟಿಕ್ಸ್ ಎಂಬ ಪದವನ್ನು ಐದಾರು ಸಲ ಉದುರಿಸಿದರು. ಸಿಟ್ಟು ಬಿಟ್ಟು ಸಂತೋಷವಾಗಿದ್ದರೆ ರೋಗನಿರೋಧಕ ಜೀನ್‌ಗಳು 'ಆನ್' ಆಗುತ್ತವಂತೆ, ಕ್ಯಾನ್ಸರ್ ತಾನಾಗಿ ಸೋಲುತ್ತದಂತೆ. ಚಪ್ಪಾಳೆಯೂ ಬಿತ್ತು. ಆರು ಕೀಮೋ ಮುಗಿಸಿರುವ ನನ್ನ ಚಿಕ್ಕಮ್ಮ ಲೋಕಲ್ ಟ್ರೇನಿನಲ್ಲಿ ವಾಪಸು ಬರುವಾಗ ಮೆಲ್ಲಗೆ ಕೇಳಿದಳು: "ಹಂಗಾದ್ರೆ ನಾನು ಸಿಡುಕಿದ್ದಕ್ಕೇ ಬಂತೇನೋ ಇದು?"

ಈ ಪ್ರಶ್ನೆ ಹುಟ್ಟಿಸಿದ್ದಕ್ಕೆ ಆ ಭಾಷಣಕಾರರನ್ನು ನಾನು ಕ್ಷಮಿಸಲಾರೆ.

ಜೀನ್‌ನ ಅಕ್ಷರಗಳು ಬದಲಾಗದೆಯೇ ಅದರ ಬಾಗಿಲಲ್ಲಿ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪುಗಳು ಕೂತು ಅದನ್ನು ಮೂಕವಾಗಿಸಬಹುದು. ಇದು ನಿಜ. ಜೀವಕೋಶವು ತನ್ನೊಳಗಿನ ಪ್ರೋಟೀನ್ ಚೂರುಗಳನ್ನು ಹೊರಮೈಯಲ್ಲಿ ತೋರಿಸುವ ಏರ್ಪಾಡಿದೆಯಲ್ಲ, ಅದನ್ನು ನಡೆಸುವ ಜೀನ್‌ಗಳಲ್ಲಿ ಎನ್‌ಎಲ್‌ಆರ್‌ಸಿ5 ಮುಖ್ಯವಾದದ್ದು. ಗಡ್ಡೆಯ ಕೋಶದಲ್ಲಿ ಅದು ಮೂಕವಾದರೆ ಟಿ-ಕೋಶಗಳಿಗೆ ಶತ್ರುವಿನ ಗುರುತು ಹತ್ತುವುದು ಕಷ್ಟ. ಈ ಜೀನ್ ಸೊರಗಿದ್ದ ಹಲವು ಬಗೆಯ ಕ್ಯಾನ್ಸರ್‌ಗಳಲ್ಲಿ ರೋಗಿಗಳು ಬದುಕಿದ ಅವಧಿ ಕಡಿಮೆ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಇದು ಗಡ್ಡೆ ಹೂಡುವ ಆಟ. ಚಿಕ್ಕಮ್ಮನ ಸಿಡುಕು ಇಲ್ಲಿ ಎಲ್ಲಿಂದ ಬಂತು?

ಎಂಎಲ್‌ಎಚ್1 ಕಥೆ ಇನ್ನೂ ತಿರುವು ಮುರುವು. ಅದು ಡಿಎನ್‌ಎಯ ತಪ್ಪು ತಿದ್ದುವ ಜೀನ್. ದೊಡ್ಡ ಕರುಳಿನ ಕೆಲವು ಕ್ಯಾನ್ಸರ್‌ಗಳಲ್ಲಿ ಮೀಥೈಲ್ ಕೂತು ಅದರ ಬಾಯಿ ಮುಚ್ಚುತ್ತದೆ. ತಪ್ಪುಗಳು ರಾಶಿ ಬೀಳುತ್ತವೆ, ಅಪರಿಚಿತ ಪ್ರೋಟೀನ್‌ಗಳು ಹುಟ್ಟುತ್ತವೆ, ಅವನ್ನು ರೋಗನಿರೋಧಕ ಕೋಶಗಳು ಗುರುತಿಸಬಲ್ಲವು. ತಿದ್ದುವ ಕೆಲಸ ಕೆಟ್ಟ ಇಂಥ ಗಡ್ಡೆಗಳಿಗೆಂದೇ, ಅವು ಯಾವ ಅಂಗದಲ್ಲಿದ್ದರೂ, ಪೆಂಬ್ರೊಲಿಝುಮ್ಯಾಬ್ ಬಳಸಲು ಅಮೆರಿಕದ ಎಫ್‌ಡಿಎ 2017ರಲ್ಲಿ ಒಪ್ಪಿಗೆ ಕೊಟ್ಟಿತು. ಅಂದರೆ ಇಲ್ಲಿ 'ಆಫ್' ಆದ ಜೀನೇ ಚಿಕಿತ್ಸೆಗೆ ದಾರಿ ಬಿಟ್ಟಿತು. ಸ್ವಿಚ್‌ಬೋರ್ಡ್ ಲೆಕ್ಕ ಹೇಳುವವರು ಇದಕ್ಕೇನನ್ನುತ್ತಾರೆ?

ತಂಬಾಕು ಇಂಥ ಗುರುತುಗಳನ್ನು ಬದಲಿಸುವುದು ಹೌದು. ಬಿಡಿ ಎಂದು ಹೇಳಿ, ನಾನೂ ದನಿಗೂಡಿಸುತ್ತೇನೆ. ನೆಮ್ಮದಿಯಿಂದಿರಿ ಎನ್ನುವುದಕ್ಕೂ ನನ್ನ ತಕರಾರಿಲ್ಲ. ಆದರೆ ನಗುತ್ತಿದ್ದರೆ ಗಡ್ಡೆ ಕರಗುತ್ತದೆ ಎಂದಿರೋ, ಕರಗದಿದ್ದಾಗ ತಪ್ಪು ರೋಗಿಯ ತಲೆಗೇ ಬರುತ್ತದೆ.

ಮುಂದಿನ ಸಲ ದಯವಿಟ್ಟು ಒಬ್ಬ ಪೆಥಾಲಜಿಸ್ಟರನ್ನು ಕರೆಸಿ. ಕರುಳಿನ ಕ್ಯಾನ್ಸರ್ ಆದವರು ಎಂಎಂಆರ್ ಪರೀಕ್ಷೆ ಮಾಡಿಸಿದ್ದೀರಾ ಎಂದು ವೈದ್ಯರನ್ನು ಕೇಳಬೇಕು ಎಂಬಷ್ಟನ್ನಾದರೂ ಅವರು ಹೇಳಲಿ. ಇಂಥ ಔಷಧಗಳ ಬೆಲೆಯನ್ನೂ ಮುಚ್ಚಿಡದೆ ಹೇಳಲಿ. ಚಿಕ್ಕಮ್ಮನನ್ನು ನಾನೇ ಕರೆತರುತ್ತೇನೆ. ಕುರ್ಚಿ ಸರಿಯಿಲ್ಲ ಎಂದು ಅವಳು ಸಿಡುಕಿದರೆ ಬೇರೆ ಕುರ್ಚಿ ಕೊಡಿ, ಸಾಕು.