ರೇಸ್ ಟ್ರ್ಯಾಕ್‌ನವರ ದುಡ್ಡು ಖಾಲಿಯಾದರೆ ನಮಗೇನು?

ಹೋದ ವಾರ ಓದುಗ ಹುಡುಗನೊಬ್ಬ ಫೋನ್ ಮಾಡಿದ್ದ. ವಯಸ್ಸು ಇಪ್ಪತ್ತಾರು, ಐದೆಕರೆ ಜಮೀನು, ಅದರಲ್ಲಿ ಎರಡು ಎಕರೆಗೆ ಡ್ರಿಪ್. ಊರ ಪಕ್ಕ ಯಾವುದೋ ದೊಡ್ಡ ಪ್ರಾಜೆಕ್ಟ್ ಬರುತ್ತಂತೆ, ಸರ್ವೆಯವರು ಬಂದು ಅಳತೆ ಮಾಡಿಕೊಂಡು ಹೋಗಿದ್ದಾರಂತೆ. ಅವನ ಪ್ರಶ್ನೆ ಒಂದೇ: "ಅಣ್ಣ, ಎಕರೆಗೆ ಎಷ್ಟು ಕೇಳ್ಬೇಕು?"

ನಾನು ಕೇಳಿದೆ, "ಪ್ರಾಜೆಕ್ಟ್ ಮಾಡೋರು ಯಾರು? ಅವರ ಹತ್ರ ದುಡ್ಡಿದೆಯಾ?"

"ಅದೆಲ್ಲ ನಮಗ್ಯಾಕಣ್ಣ? ನಮ್ಮ ಅಕೌಂಟಿಗೆ ಬಿದ್ರೆ ಸಾಕಲ್ವಾ?"

ಸಾಲದು. ಯಾಕೆ ಸಾಲದು ಅನ್ನೋದಕ್ಕೆ ಉತ್ತರ ಪ್ರದೇಶದ ಒಂದು ರೇಸ್ ಟ್ರ್ಯಾಕ್ ಕಥೆ ಹೇಳ್ತೀನಿ. ನಿಮ್ಮಲ್ಲಿ ಬೈಕ್ ಹುಚ್ಚಿರುವವರಿಗೆ ಈ ಜಾಗ ಗೊತ್ತೇ ಇರುತ್ತೆ. 2023ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಮೊದಲ ಸಲ ಮೋಟೋಜಿಪಿ ನಡೆದಾಗ ಎಲ್ಲರ ಮೊಬೈಲ್‌ನಲ್ಲೂ ಅದರ ವಿಡಿಯೋ ಓಡಾಡಿತ್ತು. ಅದು ಗ್ರೇಟರ್ ನೋಯ್ಡಾ ಹತ್ತಿರದ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಗೌತಮ ಬುದ್ಧ ನಗರ ಜಿಲ್ಲೆಯಲ್ಲಿದೆ, ಅದಕ್ಕೇ ಆ ಹೆಸರು. ವಿಡಿಯೋದಲ್ಲಿ ಕಾಣುವುದು ಐದು ಕಿಲೋಮೀಟರ್ ಉದ್ದದ ನುಣುಪಾದ ಟಾರು, ಎತ್ತರದ ಗ್ಯಾಲರಿ. ಅದರ ಸುತ್ತ ಏನೇನು ಬರಬೇಕಿತ್ತು, ಏನು ಬರಲಿಲ್ಲ ಅನ್ನೋದು ಯಾವ ವಿಡಿಯೋದಲ್ಲೂ ಇಲ್ಲ.

ಟ್ರ್ಯಾಕ್ ಕಟ್ಟಿದ್ದು ಜೇಪೀ ಸಮೂಹ. ದೆಹಲಿ ಪಕ್ಕದ ಗ್ರೇಟರ್ ನೋಯ್ಡಾದಿಂದ ಆಗ್ರಾಕ್ಕೆ ಹೋಗುವ 165 ಕಿಲೋಮೀಟರ್ ಯಮುನಾ ಎಕ್ಸ್‌ಪ್ರೆಸ್‌ವೇ ಕಟ್ಟಿದ್ದೂ ಇವರೇ. ರಸ್ತೆ ಕಟ್ಟಿದ್ದಕ್ಕೆ ಟೋಲ್ ವಸೂಲಿಯ ಹಕ್ಕಿನ ಜೊತೆ, ರಸ್ತೆ ಪಕ್ಕ ಐದು ಕಡೆ ಒಟ್ಟು 2,500 ಹೆಕ್ಟೇರ್ ಜಮೀನು ಅಭಿವೃದ್ಧಿಗೆ ಸಿಗುವ ಒಪ್ಪಂದ. ಅದಲ್ಲದೆ ಯಮುನಾ ಎಕ್ಸ್‌ಪ್ರೆಸ್‌ವೇ ಪ್ರಾಧಿಕಾರ ವಿಶೇಷ ಅಭಿವೃದ್ಧಿ ವಲಯ ಅಂತ ಇನ್ನೂ 1,000 ಹೆಕ್ಟೇರ್ ಕೊಟ್ಟಿತು. ನಮ್ಮ ಲೆಕ್ಕದಲ್ಲಿ ಸುಮಾರು 2,470 ಎಕರೆ. ಅದರಲ್ಲಿ ರೇಸ್ ಟ್ರ್ಯಾಕ್ ಹಿಡಿದದ್ದು 874 ಎಕರೆ ಅಷ್ಟೇ. ಉಳಿದದ್ದರಲ್ಲಿ ಕ್ರಿಕೆಟ್ ಸ್ಟೇಡಿಯಂ, ಹಾಕಿ ಮೈದಾನ, ಅಪಾರ್ಟ್‌ಮೆಂಟು, ಒಟ್ಟಿನಲ್ಲಿ 'ಸ್ಪೋರ್ಟ್ಸ್ ಸಿಟಿ' ಬರಬೇಕಿತ್ತು. ಗಂಗೆ ಯಮುನೆಯರ ನಡುವಿನ ನೆಲ ಅದು. ಗೋಧಿ, ಭತ್ತ, ಕಬ್ಬು ಬೆಳೆಯುವ ಸೀಮೆ.

ಟ್ರ್ಯಾಕ್‌ಗೆ ಎರಡು ಸಾವಿರ ಕೋಟಿ ಆಸುಪಾಸು ಖರ್ಚಾಯಿತೆಂದು ಆಗ ಪತ್ರಿಕೆಗಳು ಬರೆದವು. 2011ರ ಅಕ್ಟೋಬರ್ 30ಕ್ಕೆ ಮೊದಲ ಫಾರ್ಮುಲಾ ಒನ್ ರೇಸ್, ಗೆದ್ದದ್ದು ಸೆಬಾಸ್ಟಿಯನ್ ವೆಟೆಲ್. (ಅದಕ್ಕೆ ಎರಡು ದಿನ ಮೊದಲು ಅಭ್ಯಾಸ ನಡೆಯುವಾಗ ಬೀದಿನಾಯಿಯೊಂದು ಟ್ರ್ಯಾಕ್‌ಗೆ ನುಗ್ಗಿ ಓಟ ನಿಲ್ಲಿಸಿತ್ತು. ಅದಕ್ಕೆ ಮಾತ್ರ ಯಾರೂ ಇದು ನಿನ್ನ ಜಾಗ ಅಲ್ಲ ಅಂತ ನೋಟಿಸ್ ಕೊಟ್ಟಿರಲಿಲ್ಲ ಅನ್ಸುತ್ತೆ.) 2012ರಲ್ಲಿ, 2013ರಲ್ಲಿ ಇನ್ನೆರಡು ರೇಸ್ ಆದವು. ಆಮೇಲೆ ಫಾರ್ಮುಲಾ ಒನ್ ಈ ಕಡೆ ತಲೆ ಹಾಕಿಲ್ಲ.

ಯಾಕೆ ನಿಂತಿತು? ತೆರಿಗೆ ಜಗಳ ಒಂದು ಕಾರಣ. ರೇಸ್‌ನ ಫೀಸಿಗೆ ಭಾರತದಲ್ಲಿ ತೆರಿಗೆ ಕಟ್ಟಬೇಕೋ ಬೇಡವೋ ಅನ್ನೋದು ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ಕಟ್ಟಲೇಬೇಕು ಅಂತ 2017ರಲ್ಲಿ ತೀರ್ಮಾನವಾಯಿತು. ಆದರೆ ಅದಕ್ಕಿಂತ ದೊಡ್ಡ ಕಾರಣ ಈ ವ್ಯಾಪಾರದ ಲೆಕ್ಕದಲ್ಲೇ ಇದೆ. ಆ ಲೆಕ್ಕ ಅರ್ಥವಾದರೆ ನಿಮ್ಮ ಊರ ಪಕ್ಕ ಬರುವ ಪ್ರಾಜೆಕ್ಟಿನ ಲೆಕ್ಕವೂ ಅರ್ಥವಾಗುತ್ತೆ.

ಊರ ಜಾತ್ರೆ ನೆನಪಿಸಿಕೊಳ್ಳಿ. ಜಾತ್ರೆ ಮೂರು ದಿನ. ಚಪ್ಪರ, ಲೈಟು, ಮೈದಾನ ಎಲ್ಲ ನೀವೇ ಮಾಡಬೇಕು. ನಾಟಕದ ಕಂಪನಿಗೆ ಮುಂಗಡವಾಗಿ ದೊಡ್ಡ ಮೊತ್ತ ಕೊಡಬೇಕು. ಟಿವಿಯವರು ಕೊಡುವ ದುಡ್ಡು, ದೊಡ್ಡ ಜಾಹೀರಾತಿನ ದುಡ್ಡು ನಾಟಕದ ಕಂಪನಿಗೇ ಹೋಗುತ್ತೆ. ನಿಮಗೆ ಉಳಿಯುವುದು ಟಿಕೆಟ್ ದುಡ್ಡು. ಉಳಿದ ದಿನಗಳಲ್ಲಿ ಮೈದಾನ ಹೆಚ್ಚುಕಮ್ಮಿ ಖಾಲಿ, ಆದರೆ ಬ್ಯಾಂಕಿನ ಬಡ್ಡಿಗೆ ರಜೆ ಇಲ್ಲ. ಫಾರ್ಮುಲಾ ಒನ್ ಟ್ರ್ಯಾಕ್‌ಗಳ ಸ್ಥಿತಿ ಹೆಚ್ಚೂಕಡಿಮೆ ಇದೇ. ಬುದ್ಧ ಸರ್ಕ್ಯೂಟ್‌ಗೆ ಮೊದಲ ವರ್ಷ ಸುಮಾರು 95 ಸಾವಿರ ಜನ ಬಂದರು, ಮರುವರ್ಷಕ್ಕೇ ಸಂಖ್ಯೆ ಬಿತ್ತು. ಹಾಗಾಗಿ ಬೇರೆ ದೇಶಗಳಲ್ಲಿ ಎಷ್ಟೋ ಕಡೆ ಸರ್ಕಾರವೇ ಫೀಸು ಕಟ್ಟುತ್ತೆ. ಕಟ್ಟಲಾರದವರು ಕೈಬಿಡ್ತಾರೆ: ದಕ್ಷಿಣ ಕೊರಿಯಾದ ಯೋಂಗಾಮ್‌ನಲ್ಲಿ 2010ರಿಂದ ನಾಲ್ಕೇ ವರ್ಷ ರೇಸ್ ನಡೆಯಿತು, ಮಲೇಷ್ಯಾ 2017ಕ್ಕೆ ಸಾಕಪ್ಪಾ ಅಂದುಬಿಟ್ಟಿತು.

ಹಂಗಾದ್ರೆ ಖಾಸಗಿ ಕಂಪನಿ ಯಾಕೆ ಇದಕ್ಕೆ ಕೈ ಹಾಕುತ್ತೆ? ಟ್ರ್ಯಾಕ್‌ನಿಂದ ಲಾಭ ಬರುತ್ತೆ ಅಂತ ಅಲ್ಲ. ಟ್ರ್ಯಾಕ್ ಬಂದರೆ ಸುತ್ತಲಿನ ಜಾಗಕ್ಕೆ ರೇಟು ಬರುತ್ತೆ, ಅಪಾರ್ಟ್‌ಮೆಂಟ್ ಮಾರಿ ಆ ದುಡ್ಡಲ್ಲಿ ಸಾಲ ತೀರಿಸಬಹುದು ಅಂತ. ಅಂದರೆ ಇಡೀ ಯೋಜನೆ ನಿಂತಿರುವುದು ರೈತರಿಂದ ಬಂದ ಜಮೀನು ಮುಂದೆ ಎಷ್ಟಕ್ಕೆ ಮಾರಾಟವಾಗುತ್ತೆ ಅನ್ನುವ ಊಹೆಯ ಮೇಲೆ. ರೇಸ್ ಕಾರು ಬರೀ ಬ್ಯಾನರ್. ನನ್ನ ತಕರಾರು ಇರುವುದು ಇಲ್ಲೇ. ಊಹೆ ನಿಜವಾದರೆ ಲಾಭ ಕಂಪನಿಗೆ. ಸುಳ್ಳಾದರೆ ಬ್ಯಾಂಕು, ಮನೆಗೆ ದುಡ್ಡು ಕಟ್ಟಿದವರು, ಜಮೀನು ಕೊಟ್ಟವರು ಎಲ್ಲರೂ ಹಂಚಿಕೊಳ್ಳಬೇಕು.

ಊಹೆ ಸುಳ್ಳಾಯಿತು. ಎಕ್ಸ್‌ಪ್ರೆಸ್‌ವೇ ನಡೆಸುತ್ತಿದ್ದ ಜೇಪೀ ಇನ್‌ಫ್ರಾಟೆಕ್ 2017ರಲ್ಲೇ ದಿವಾಳಿ ಪ್ರಕ್ರಿಯೆಗೆ ಹೋಯಿತು, ಮನೆ ಬುಕ್ ಮಾಡಿದ್ದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ನಡುನೀರಲ್ಲಿ ಉಳಿದರು. ಪ್ರಾಧಿಕಾರಕ್ಕೆ ಕಟ್ಟಬೇಕಾದ ಬಾಕಿ ಕಟ್ಟಲಿಲ್ಲ ಅಂತ 2020ರ ಫೆಬ್ರುವರಿಯಲ್ಲಿ ಆ 1,000 ಹೆಕ್ಟೇರ್ ಹಂಚಿಕೆಯನ್ನೇ ರದ್ದು ಮಾಡಿದರು. ಕಂಪನಿ ಕೋರ್ಟಿಗೆ ಹೋಯಿತು. ನೀವು ನೋಡಿದ ಆ ಬೈಕ್ ರೇಸ್ ನಡೆದದ್ದು ಇನ್ನೂ ಕೇಸು ಇತ್ಯರ್ಥವಾಗದೆ ಇದ್ದಾಗ. 2024ರ ಜೂನ್‌ನಲ್ಲಿ ಮೂಲ ಕಂಪನಿ ಜೈಪ್ರಕಾಶ್ ಅಸೋಸಿಯೇಟ್ಸ್ ಕೂಡ ದಿವಾಳಿ ಪ್ರಕ್ರಿಯೆಗೆ ಹೋಯಿತು. 2025ರ ಮಾರ್ಚ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಹಂಚಿಕೆ ರದ್ದು ಮಾಡಿದ್ದು ಸರಿ ಅಂದಿತು. ಕಂಪನಿಯ ಮೇಲೆ ಸಾಲಗಾರರು ಇಟ್ಟ ಬೇಡಿಕೆ 57 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. 2025ರ ನವೆಂಬರ್‌ನಲ್ಲಿ ಸಾಲ ಕೊಟ್ಟವರ ಸಮಿತಿ ಒಪ್ಪಿಕೊಂಡ ಅದಾನಿ ಸಮೂಹದ ಯೋಜನೆ ಸುಮಾರು 14,500 ಕೋಟಿಯದ್ದು. ಬ್ಯಾಂಕ್‌ಗಳ ಗತಿಯೇ ಹೀಗಾದರೆ ಕಾಗದ ಗಟ್ಟಿ ಇಲ್ಲದವರ ಪಾಡು ಏನು?

ಈಗ ಹುಡುಗನ ಪ್ರಶ್ನೆಗೆ ಬರ್ತೀನಿ. ಅಕೌಂಟಿಗೆ ದುಡ್ಡು ಬಿದ್ದ ಮೇಲೆ ರೈತನಿಗೆ ಏನು ನಷ್ಟ?

ಮೊದಲನೆಯದು, ಪರಿಹಾರ ಒಂದೇ ಸಲಕ್ಕೆ ಮುಗಿಯುವ ವ್ಯವಹಾರ ಅಲ್ಲ. ನೋಯ್ಡಾ ಮತ್ತು ಗ್ರೇಟರ್ ನೋಯ್ಡಾ ರೈತರು ತುರ್ತು ಕಲಂ ಬಳಸಿ ಜಮೀನು ತಗೊಂಡಿದ್ದನ್ನು ಪ್ರಶ್ನಿಸಿದ್ದರು. 2011ರ ಅಕ್ಟೋಬರ್ 21ರಂದು, ಅಂದರೆ ಮೊದಲ ರೇಸ್‌ಗೆ ಒಂಬತ್ತು ದಿನ ಮೊದಲು, ಅಲಹಾಬಾದ್ ಹೈಕೋರ್ಟ್ ಅವರಿಗೆ ಶೇ 64.7ರಷ್ಟು ಹೆಚ್ಚುವರಿ ಪರಿಹಾರ ಕೊಡಬೇಕೆಂದು ಆದೇಶ ಮಾಡಿತು. ಅದೇ ವರ್ಷದ ಮೇ ತಿಂಗಳಲ್ಲಿ ಎಕ್ಸ್‌ಪ್ರೆಸ್‌ವೇ ಸೀಮೆಯ ಭಟ್ಟಾ ಪರಸೌಲ್‌ನಲ್ಲಿ ಭೂಸ್ವಾಧೀನದ ಗಲಾಟೆಗೆ ಇಬ್ಬರು ರೈತರು, ಇಬ್ಬರು ಪೊಲೀಸರು ಸತ್ತಿದ್ದರು ಅನ್ನೋದನ್ನೂ ಮರೆಯಬಾರದು. ಯಮುನಾ ಪ್ರಾಧಿಕಾರದ ರೈತರೂ ನಮಗೂ ಅಷ್ಟೇ ಕೊಡಿ ಅಂದರು. 2014ರಲ್ಲಿ ಸರ್ಕಾರ ಒಪ್ಪಿತು, ಆದರೆ ಆ ದುಡ್ಡನ್ನು ಜಮೀನು ಪಡೆದ ಕಂಪನಿ ಮತ್ತು ಸಂಸ್ಥೆಗಳು ಕಟ್ಟಬೇಕು ಅಂತ ಮಾಡಿತು. ಅವರಲ್ಲಿ ಹಲವರು ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟ್ ರೈತರ ಪರ ಆದೇಶ ಕೊಟ್ಟದ್ದು 2022ರ ಮೇ ತಿಂಗಳಲ್ಲಿ. ಎಂಟು ವರ್ಷ! ಕಂಪನಿಯ ಕೈಯಲ್ಲಿ ದುಡ್ಡಿದೆಯೋ ಇಲ್ಲವೋ ಅನ್ನೋದು ನಮಗ್ಯಾಕೆ ಬೇಕು ಅಂದರೆ ಇದಕ್ಕೆ.

ಎರಡನೆಯದು, ಪರಿಹಾರದ ಜೊತೆ ಹೇಳುವ ಮಾತುಗಳು. ಮನೆಗೊಂದು ಕೆಲಸ, ಶಾಲೆ, ಆಸ್ಪತ್ರೆ, ರಸ್ತೆ ಪಕ್ಕ ಅಂಗಡಿ ವ್ಯಾಪಾರ. ಇವೆಲ್ಲ ಪ್ರಾಜೆಕ್ಟ್ ಪೂರ್ತಿಯಾದರೆ ಮಾತ್ರ. ಅರ್ಧಕ್ಕೆ ನಿಂತರೆ ಅಂಗಡಿಗೆ ಗಿರಾಕಿ ಎಲ್ಲಿಂದ ಬರ್ತಾರೆ?

ಇದಕ್ಕೆ ವಿರುದ್ಧವಾದ ಕಥೆಯೂ ಒಂದಿದೆ. ಬ್ರಿಟನ್ನಿನ ವೇಲ್ಸ್‌ನಲ್ಲಿ ಎಬ್ಬು ವೇಲ್ ಅನ್ನುವ ಊರು. ಹಳೆಯ ಉಕ್ಕಿನ ಕಾರ್ಖಾನೆ ಮುಚ್ಚಿ ನಿರುದ್ಯೋಗ ಜಾಸ್ತಿಯಾದ ಜಾಗ. ಅಲ್ಲಿ ಎಂಟು ನೂರಕ್ಕೂ ಹೆಚ್ಚು ಎಕರೆಯಲ್ಲಿ 'ಸರ್ಕ್ಯೂಟ್ ಆಫ್ ವೇಲ್ಸ್' ಕಟ್ತೀವಿ, ಆರು ಸಾವಿರ ಕೆಲಸ ಕೊಡ್ತೀವಿ ಅಂತ ಒಂದು ಕಂಪನಿ 2011ರಲ್ಲಿ ಬಂತು. ಜಾಗದಲ್ಲಿ ಬಹುಪಾಲು ನಮ್ಮ ಗೋಮಾಳದ ತರಹದ್ದು, ಸುತ್ತಲಿನ ರೈತರು ಕುರಿ ಮೇಯಿಸುವ ಹಕ್ಕಿದ್ದ ಬೆಟ್ಟದ ಹುಲ್ಲುಗಾವಲು. ಯೋಜನೆಯ ವೆಚ್ಚ ಏರುತ್ತಾ 40 ಕೋಟಿ ಪೌಂಡ್ ದಾಟಿತು. ಖಾಸಗಿ ಹೂಡಿಕೆದಾರರು ಸರ್ಕಾರ ಗ್ಯಾರಂಟಿ ನಿಲ್ಲಲಿ ಅಂದರು. ಒಟ್ಟು ಅಪಾಯದಲ್ಲಿ ಅರ್ಧಕ್ಕಿಂತ ಹೆಚ್ಚು ನಾವು ಹೊರಲ್ಲ ಅಂದಿತು ವೇಲ್ಸ್ ಸರ್ಕಾರ. ಲೆಕ್ಕ ಪರಿಶೀಲಿಸಿ 2017ರ ಜೂನ್‌ನಲ್ಲಿ ಗ್ಯಾರಂಟಿ ಕೊಡಲ್ಲ ಅಂತ ಹೇಳಿಯೇಬಿಟ್ಟಿತು. ಅಷ್ಟರಲ್ಲಿ ಸರ್ಕಾರದ ಸುಮಾರು 90 ಲಕ್ಷ ಪೌಂಡ್ ಖರ್ಚಾಗಿತ್ತು, ಅದರ ಬಗ್ಗೆ ಆಡಿಟ್ ವರದಿಯೂ ಬಂತು. ಕೆಲಸ ಸಿಗುತ್ತೆ ಅಂತ ಕಾದಿದ್ದ ಅಲ್ಲಿನ ಹುಡುಗರಿಗೆ ನಿರಾಸೆ ಆಗಿದ್ದು ನಿಜ, ಅದನ್ನು ಹಗುರವಾಗಿ ನೋಡಬಾರದು. ಆದರೆ ದುಡ್ಡಿನ ಪ್ರಶ್ನೆಯನ್ನು ಬುಲ್ಡೋಜರ್ ಬರುವ ಮೊದಲೇ ಕೇಳಿದ್ದರಿಂದ ಟ್ರ್ಯಾಕ್ ಕಟ್ಟಲಿಲ್ಲ, ಹುಲ್ಲುಗಾವಲು ಉಳಿಯಿತು.

ನಮ್ಮಲ್ಲೂ ಈ ಪ್ರಶ್ನೆ ಮೊದಲೇ ಕೇಳಬಹುದು, ಅದೂ ಕೈಯಲ್ಲಿರೋ ಮೊಬೈಲ್‌ನಲ್ಲೇ. ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ ವೆಬ್‌ಸೈಟಿನಲ್ಲಿ ಲಾಗಿನ್ ಆಗಿ ಕಂಪನಿ ಹೆಸರು ಹಾಕಿದರೆ, ಅದು ಯಾವಾಗ ನೋಂದಣಿಯಾಯಿತು, ಬಂಡವಾಳ ಎಷ್ಟು, ಯಾವ ಬ್ಯಾಂಕಿಗೆ ಆಸ್ತಿ ಅಡ ಇಟ್ಟಿದೆ ಅಂತ ಕಾಣುತ್ತೆ. ನಿನ್ನೆ ಮೊನ್ನೆ ಒಂದು ಲಕ್ಷ ಬಂಡವಾಳದಲ್ಲಿ ಹುಟ್ಟಿದ ಕಂಪನಿ ಸಾವಿರ ಕೋಟಿ ಪ್ರಾಜೆಕ್ಟ್ ಅಂದರೆ ಹಿಂದೆ ಯಾರಿದ್ದಾರೆ ಅಂತ ಕೇಳಿ. ಕ್ರಿಸಿಲ್, ಇಕ್ರಾ, ಕೇರ್ ಮುಂತಾದ ರೇಟಿಂಗ್ ಸಂಸ್ಥೆಗಳ ವರದಿ ಪುಕ್ಕಟೆ ಸಿಗುತ್ತೆ. ಅದರಲ್ಲಿ 'ಡಿ' ಅಂತ ಇದ್ದರೆ ಸಾಲ ಕಟ್ಟಲು ತಪ್ಪಿದ್ದಾರೆ ಅಂತ ಅರ್ಥ. ದಿವಾಳಿ ಪ್ರಕ್ರಿಯೆಯಲ್ಲಿರುವ ಕಂಪನಿಗಳ ಪ್ರಕಟಣೆ ಐಬಿಬಿಐ ವೆಬ್‌ಸೈಟಿನಲ್ಲಿರುತ್ತೆ. ಕಂತಿನಲ್ಲಿ ದುಡ್ಡು ಕೊಡ್ತೀವಿ ಅಂತ ಕಂಪನಿಯೇ ನೇರವಾಗಿ ಅಗ್ರಿಮೆಂಟ್‌ಗೆ ಬಂದರೆ ಇದು ಇನ್ನೂ ಮುಖ್ಯ. ಕಂಪನಿ ಮುಳುಗಿದರೆ ಅಡಮಾನ ಇಟ್ಟುಕೊಂಡ ಬ್ಯಾಂಕುಗಳು ಸಾಲಿನಲ್ಲಿ ಮುಂದೆ, ಬಾಕಿ ಕಂತು ಬರಬೇಕಾದ ರೈತ ಹಿಂದೆ.

ಕಾಯ್ದೆ ಯಾವುದು ಅನ್ನೋದನ್ನೂ ನೋಡಿ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಖಾಸಗಿ ಕಂಪನಿಗೆ ತಗೊಳ್ಳಬೇಕಾದರೆ ಶೇ 80ರಷ್ಟು ಜಮೀನುದಾರರ ಒಪ್ಪಿಗೆ ಬೇಕು. ಐದು ವರ್ಷ ಬಳಸದೆ ಬಿಟ್ಟ ಜಮೀನು ವಾಪಸ್ ಹೋಗಬೇಕು ಅಂತ 101ನೇ ಕಲಂ ಹೇಳುತ್ತೆ. ಕೇಳೋಕೆ ಚೆನ್ನಾಗಿದೆ, ಆದರೆ ಮೂಲ ಮಾಲೀಕನಿಗೆ 'ಅಥವಾ' ಸರ್ಕಾರದ ಲ್ಯಾಂಡ್ ಬ್ಯಾಂಕಿಗೆ ಅಂತ ಇದೆ. ಆ 'ಅಥವಾ'ದಲ್ಲೇ ಎಲ್ಲ ಇದೆ. ಅಭಿವೃದ್ಧಿ ಮಾಡದೆ ಹಾಗೇ ಬೇರೆಯವರಿಗೆ ಮಾರಿದರೆ, ಏರಿದ ಬೆಲೆಯಲ್ಲಿ ಶೇ 40ರಷ್ಟನ್ನು ಮೂಲ ರೈತರಿಗೆ ಹಂಚಬೇಕು ಅನ್ನುವ 102ನೇ ಕಲಂ ನಮ್ಮವರಿಗೆ ಗೊತ್ತೇ ಇಲ್ಲ. ಕರ್ನಾಟಕದಲ್ಲಿ ಕೈಗಾರಿಕೆಗೆ ಜಮೀನು ಹೋಗುವುದು ಹೆಚ್ಚಾಗಿ 1966ರ ಕೆಐಎಡಿಬಿ ಕಾಯ್ದೆಯಡಿ, ಅದರ ದಾರಿ ಬೇರೆ. ಅಲ್ಲಿ ಪ್ರಾಥಮಿಕ ಅಧಿಸೂಚನೆಯ ನೋಟಿಸ್ ಕೈಗೆ ಬಂದ ಮೇಲೆ ಆಕ್ಷೇಪಣೆಗೆ 30 ದಿನ. ಆಕ್ಷೇಪಣೆಯಲ್ಲಿ ರೇಟಿನ ಜೊತೆ, ಯೋಜನೆಗೆ ಹಣ ಎಲ್ಲಿಂದ, ನಿಂತುಹೋದರೆ ಜಮೀನು ಯಾರಿಗೆ ಅಂತಲೂ ಬರೆದು ಸ್ವೀಕೃತಿ ತಗೊಳ್ಳಿ. ಬರೆಯುವ ಮೊದಲು ವಕೀಲರೊಬ್ಬರಿಗೆ ತೋರಿಸಿ.

ಮಾರದೆ ಕೊಡುವ ದಾರಿಯೂ ನಮ್ಮಲ್ಲೇ ಇದೆ. ಪಾವಗಡ ಸೋಲಾರ್ ಪಾರ್ಕಿಗೆ ರೈತರು ಸುಮಾರು 13,000 ಎಕರೆಯನ್ನು ಲೀಸ್‌ಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಹೆಚ್ಚಳ, ಪಹಣಿ ರೈತರ ಹೆಸರಲ್ಲೇ. ಅಲ್ಲಿ ಜಮೀನಿಲ್ಲದ ಕೂಲಿಯವರಿಗೆ ಕೆಲಸ ಹೋಯಿತು ಅನ್ನುವ ದೂರು ನಿಜವೇ. ಆದರೂ ನಾಳೆ ಯಾವುದೋ ಕಂಪನಿ ಕೈ ಎತ್ತಿದರೆ ನೆಲ ರೈತನದ್ದೇ.

ಇಷ್ಟನ್ನೂ ಆ ಹುಡುಗನಿಗೆ ಹೇಳಿದೆ. ಎರಡು ದಿನ ಬಿಟ್ಟು ಕಂಪನಿಯ ಸ್ಕ್ರೀನ್‌ಶಾಟ್ ಕಳಿಸಿದ. "ಅಣ್ಣ, ಇದು ಹುಟ್ಟಿ ಹದಿನಾಲ್ಕು ತಿಂಗಳಾಗಿದೆ ಅಷ್ಟೇ" ಅಂದ. ನೋಟಿಸ್ ಇನ್ನೂ ಬಂದಿಲ್ಲ. ಈಗ ಅವನ ಪ್ರಶ್ನೆ ಬೇರೆ: ಉಳಿದ ಮೂರೆಕರೆಗೆ ಡ್ರಿಪ್ ಹಾಕಿಸಬೇಕೋ, ಪ್ರಾಜೆಕ್ಟ್ ಕಥೆ ಮುಗಿಯುವ ತನಕ ಕಾಯಬೇಕೋ? ಹಾಕಿಸು ಅಂದೆ. ಅಧಿಸೂಚನೆಗೆ ಮೊದಲೇ ಇದ್ದ ಪೈಪು, ಬೋರು, ಮರಗಳಿಗೂ ಬೆಲೆ ಕಟ್ಟಬೇಕಾಗುತ್ತೆ, ಬಿಲ್ಲು ಫೋಟೋ ಜೋಪಾನವಾಗಿ ಇಟ್ಕೋ. ಪ್ರಾಜೆಕ್ಟ್ ಬಾರದಿದ್ದರೆ ಟೊಮೆಟೊಗಂತೂ ನೀರು ಬೇಕೇ ಬೇಕು.