ಎಂಜಿನ್ ಊರಿನದು, ಹೆಸರು ಯಾರದು?

ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ 4449 ಎಂಬ ಸಂಖ್ಯೆಯ ಒಂದು ಉಗಿ ಎಂಜಿನ್ ಇದೆ. 1941ರಲ್ಲಿ ತಯಾರಾದದ್ದು. ಕೆಂಪು, ಕಿತ್ತಳೆ, ಕಪ್ಪು ಬಣ್ಣಗಳ ಈ ಸುಂದರಿ ಸದರ್ನ್ ಪೆಸಿಫಿಕ್ ಕಂಪನಿಯ ‘ಡೇಲೈಟ್’ ರೈಲನ್ನು ಎಳೆಯುತ್ತಿತ್ತು. ಡೀಸೆಲ್ ಎಂಜಿನ್‌ಗಳು ಬಂದವು, ಇದರ ಕೆಲಸ ಹೋಯಿತು. 1958ರಲ್ಲಿ ಕಂಪನಿ ಇದನ್ನು ಪೋರ್ಟ್‌ಲೆಂಡ್ ನಗರಕ್ಕೆ ದಾನವಾಗಿ ಕೊಟ್ಟಿತು. ಇಂದಿಗೂ ಇದರ ಒಡೆತನ ಆ ನಗರದ್ದೇ. ಆದರೆ ಎಂಜಿನ್ನಿನ ಮೈಮೇಲೆ ಹಳೆಯ ಕಂಪನಿಯ ಹೆಸರು ಹಾಗೆಯೇ ಇದೆ.

ಈಗ ಒಂದು ಪ್ರಶ್ನೆ. ಹುಡುಗನೊಬ್ಬ ಈ ಎಂಜಿನ್ನಿನ ಫೋಟೊ ತೆಗೆದು, ಅಂಗಿಗಳ ಮೇಲೆ ಅಚ್ಚು ಹಾಕಿಸಿ ಮಾರಹೊರಟ ಎನ್ನಿ. ಯಾರ ಅಪ್ಪಣೆ ಬೇಕು? ನಗರದ್ದೆ? ಕಂಪನಿಯದೆ? ಯಾರದೂ ಬೇಡವೆ?

ಉತ್ತರ ಹೇಳುವ ಮೊದಲು ಮೂರು ಹಕ್ಕುಗಳನ್ನು ಬೇರೆಬೇರೆಯಾಗಿ ನೋಡಬೇಕು. ಹೊಸ ಯಂತ್ರ ಕಂಡುಹಿಡಿದವನಿಗೆ ಸಿಗುವುದು ಪೇಟೆಂಟ್. ನಮ್ಮ ದೇಶದಲ್ಲಿ ಅದರ ಆಯುಸ್ಸು 20 ವರ್ಷ. ಬರೆದ, ಬಿಡಿಸಿದ, ಫೋಟೊ ತೆಗೆದ ಕೃತಿಗೆ ಸಿಗುವುದು ಕೃತಿಸ್ವಾಮ್ಯ. ನಮ್ಮಲ್ಲಿ ಫೋಟೊ ಒಂದಕ್ಕೆ ಅದನ್ನು ತೆಗೆದವರ ಜೀವಮಾನವಿಡೀ, ಅವರು ತೀರಿಕೊಂಡ ಮೇಲೂ 60 ವರ್ಷ. ಮೂರನೆಯದು ಟ್ರೇಡ್‌ಮಾರ್ಕ್. ‘ಈ ಸರಕು ಇಂಥವರದು’ ಎಂದು ಗಿರಾಕಿಗೆ ತಿಳಿಸುವ ಗುರುತು ಇದು. ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತ ಹೋದರೆ ಇದಕ್ಕೆ ಸಾವೇ ಇಲ್ಲ! ಹಳೆಯ ಎಂಜಿನ್‌ಗಳ ಜಗಳ ಹುಟ್ಟುವುದು ಇಲ್ಲಿಯೇ. ಯಂತ್ರದ ಪೇಟೆಂಟ್ ಎಂದೋ ಮುಗಿದಿರುತ್ತದೆ, ಹೆಸರು ಮಾತ್ರ ಉಳಿದಿರುತ್ತದೆ.

1996ರಲ್ಲಿ ಸದರ್ನ್ ಪೆಸಿಫಿಕ್ ಕಂಪನಿ ಯೂನಿಯನ್ ಪೆಸಿಫಿಕ್ ಎಂಬ ದೊಡ್ಡ ಕಂಪನಿಯಲ್ಲಿ ವಿಲೀನವಾಯಿತು. ಅದಕ್ಕೆ ಮೊದಲೇ ಇನ್ನೂ ಹಲವು ರೈಲ್ವೆಗಳು ಅದರ ಹೊಟ್ಟೆ ಸೇರಿದ್ದವು. ಅವುಗಳ ಹೆಸರು, ಲಾಂಛನಗಳೆಲ್ಲ ತನ್ನವೇ ಎಂದು ಯೂನಿಯನ್ ಪೆಸಿಫಿಕ್ ಹೇಳಿತು. ಆಟಿಕೆ ರೈಲು ತಯಾರಿಸುವವರು ಅವನ್ನು ಬಳಸಬೇಕಾದರೆ ಪರವಾನಗಿ ಪಡೆದು ಶುಲ್ಕ ತೆರಬೇಕು ಎಂದಿತು. 2004ರಲ್ಲಿ ಲಯೊನೆಲ್ ಮತ್ತು ಅಥರ್ನ್ ಎಂಬ ಎರಡು ಹೆಸರಾಂತ ತಯಾರಕರ ಮೇಲೆ ಮೊಕದ್ದಮೆಯನ್ನೂ ಹೂಡಿತು.

ಆಟಿಕೆ ರೈಲಿನ ಹವ್ಯಾಸಿಗಳಿಗೆ ಸಿಟ್ಟು ಬಂತು. ‘ಅರ್ಧ ಶತಮಾನದಿಂದ ನಿಮ್ಮ ಹೆಸರನ್ನು ಮನೆಮನೆಗೆ ಪುಕ್ಕಟೆಯಾಗಿ ಮುಟ್ಟಿಸಿದ್ದು ಈ ಆಟಿಕೆಗಳಲ್ಲವೆ?’ ಎಂಬುದು ಅವರ ವಾದ. ಇನ್ನೊಂದು ವಾದವೂ ಇತ್ತು. ಬಳಸದೆ ಬಿಟ್ಟ ಟ್ರೇಡ್‌ಮಾರ್ಕ್ ಕೈತಪ್ಪುತ್ತದೆ. ಅಮೆರಿಕದ ಕಾನೂನಿನಲ್ಲಿ ಸತತ ಮೂರು ವರ್ಷ ಬಳಸದಿದ್ದರೆ ಅದನ್ನು ಕೈಬಿಟ್ಟಂತೆ ಎಂದು ಮೇಲ್ನೋಟಕ್ಕೆ ಭಾವಿಸಲಾಗುತ್ತದೆ. ಹಾಗಿರುವಾಗ ಕಣ್ಮರೆಯಾದ ರೈಲ್ವೆಗಳ ಹೆಸರಿನ ಮೇಲೆ ಹಕ್ಕು ಎಲ್ಲಿಯದು? 2005-06ರಲ್ಲಿ ಯೂನಿಯನ್ ಪೆಸಿಫಿಕ್ ಆರು ಹೊಸ ಡೀಸೆಲ್ ಎಂಜಿನ್‌ಗಳಿಗೆ ಆ ಹಳೆಯ ರೈಲ್ವೆಗಳ ಬಣ್ಣ ಬಳಿಯಿತು. ಸದರ್ನ್ ಪೆಸಿಫಿಕ್ ಬಣ್ಣದ ಎಂಜಿನ್ನಿಗೆ ಕೊಟ್ಟ ಸಂಖ್ಯೆ ವಿಲೀನದ ವರ್ಷವೇ: 1996. ಪೂರ್ವಿಕರಿಗೆ ಗೌರವ ಎಂದಿತು ಕಂಪನಿ. ಹೆಸರುಗಳನ್ನು ಬಳಕೆಯಲ್ಲಿಡುವ ಉಪಾಯ ಎಂದರು ಹಲವು ಹವ್ಯಾಸಿಗಳು.

ಕೊನೆಗೆ 2006ರಲ್ಲಿ ರಾಜಿಯಾಯಿತು. ಆಟಿಕೆ ರೈಲಿನವರು ಶುಲ್ಕ ಕೊಡಬೇಕಾಗಿಲ್ಲ ಎಂದು ಕಂಪನಿ ಒಪ್ಪಿತು. ಆದರೆ ಹಕ್ಕು ತನ್ನದೆಂಬ ಮಾತನ್ನು ಬಿಡಲಿಲ್ಲ.

ಹಾಗಾದರೆ ಪ್ರಸಿದ್ಧ ವಸ್ತುವಿನ ಪ್ರತಿಯೊಂದು ಚಿತ್ರವೂ ಟ್ರೇಡ್‌ಮಾರ್ಕೆ? ಅಲ್ಲ. ಅಮೆರಿಕದ ಕ್ಲೀವ್‌ಲೆಂಡ್‌ನಲ್ಲಿ ರಾಕ್ ಸಂಗೀತದ ಒಂದು ವಸ್ತುಸಂಗ್ರಹಾಲಯವಿದೆ. ಅದರ ಕಟ್ಟಡದ ಫೋಟೊ ತೆಗೆದು ಭಿತ್ತಿಚಿತ್ರವಾಗಿ ಮಾರಿದವನ ಮೇಲೆ ಸಂಸ್ಥೆ ದಾವೆ ಹೂಡಿ ತಡೆಯಾಜ್ಞೆ ತಂದಿತ್ತು. 1998ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತೆರವುಗೊಳಿಸಿತು. ಕಟ್ಟಡ ಹೆಸರುವಾಸಿಯಾದ ಮಾತ್ರಕ್ಕೆ ಅದರ ಚಿತ್ರ ಸರಕಿನ ಗುರುತಾಗುವುದಿಲ್ಲ ಎಂಬುದು ಅದರ ಸಾರ.

ನಮ್ಮ ಡಾರ್ಜಿಲಿಂಗ್ ಪುಟಾಣಿ ರೈಲನ್ನೇ ನೋಡಿ. 1999ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿ ಸೇರಿತು. 2021ರಲ್ಲಿ ಅದರ ಎರಡು ಲಾಂಛನಗಳು ನೋಂದಣಿಯಾದ ಸುದ್ದಿ ಬಂತು. ನೋಂದಣಿಯಾದದ್ದು ಲಾಂಛನ; ಹೊಗೆಯುಗುಳುತ್ತ ಬೆಟ್ಟ ಹತ್ತುವ ಎಂಜಿನ್ನಿನ ನೋಟವಲ್ಲ. ಆ ನೋಟ ಕಂಡವರೆಲ್ಲರದು.

ನಮ್ಮ ಹುಡುಗನಿಗೆ ಈಗ ಉತ್ತರ ಹೇಳಬಹುದು. ಫೋಟೊದ ಕೃತಿಸ್ವಾಮ್ಯ ಅವನದೇ. ಅದನ್ನು ಗೋಡೆಗೆ ತೂಗುಹಾಕಲು, ಶಾಲೆಯ ಪ್ರಬಂಧಕ್ಕೆ ಅಂಟಿಸಲು ಯಾರ ಅಪ್ಪಣೆಯೂ ಬೇಡ. ಆದರೆ ಮಾರುವ ಅಂಗಿಯ ಮೇಲೆ ಕಂಪನಿಯ ಹೆಸರು ಎದ್ದುಕಂಡು, ಅದು ಕಂಪನಿಯದೇ ಸರಕೆಂದು ಕೊಳ್ಳುವವರು ತಿಳಿಯುವಂತಿದ್ದರೆ ತಕರಾರು ಬಂದೀತು. 2006ರ ರಿಯಾಯಿತಿ ಆಟಿಕೆ ರೈಲಿಗೆ ಮಾತ್ರ, ಅಂಗಿಗಲ್ಲ.

ಮಕ್ಕಳು ಯಾವುದೇ ಚಿತ್ರ ಬಳಸುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಲಿ: ಇದನ್ನು ತೆಗೆದವರು ಯಾರು? ಇದರಲ್ಲಿ ಯಾರ ಗುರುತಿದೆ? ನಾನಿದನ್ನು ಮಾರುತ್ತಿದ್ದೇನೆಯೆ? ಈ ಮೂರನ್ನು ತಂದೆತಾಯಿಯರು ಜೊತೆಗೆ ಕೂತು ಯೋಚಿಸಿದರೆ ಕಾನೂನಿನ ಮೊದಲ ಪಾಠ ಮನೆಯಲ್ಲೇ ಆದಂತೆ. ಹೆದರಿ ಚಿತ್ರ ಬಿಡಿಸುವುದನ್ನೇ ನಿಲ್ಲಿಸಬೇಕಾಗಿಲ್ಲ.