ಹಿನ್ನೆಲೆ ಸಂಗೀತಕ್ಕೂ ನಾಲ್ಕು ನಿಮಿಷ ಕೊಡಿ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಮೊಬೈಲ್‌ನಲ್ಲಿ ಎರಡು ಸಂಗತಿ ಇದ್ದೇ ಇರುತ್ತವೆ. ಒಂದು, ಪ್ರಚಲಿತ ವಿದ್ಯಮಾನಗಳ ಪಿಡಿಎಫ್ ರಾಶಿ. ಇನ್ನೊಂದು, ಓದುವಾಗ ಹಾಕಿಕೊಳ್ಳುವ ಮಾತಿಲ್ಲದ ಸಂಗೀತದ ಪ್ಲೇಲಿಸ್ಟ್. ಹಾಡಿದ್ದರೆ ಸಾಹಿತ್ಯದ ಕಡೆ ಗಮನ ಹೋಗುತ್ತದೆ, ಅದಕ್ಕೇ ಬರೀ ವಾದ್ಯ. ಹಿಂಡಲಗಾದ ನಮ್ಮ ಮನೆಯಲ್ಲಿ ನಾನೂ ಎಂಟು ತಿಂಗಳು ಹೀಗೇ ಓದಿದೆ. ಆ ಪ್ಲೇಲಿಸ್ಟ್‌ನಲ್ಲಿ ‘ಅಪ್’ ಎಂಬ ಅನಿಮೇಷನ್ ಚಿತ್ರದ ಸಂಗೀತವೂ ಇತ್ತು. ಅದು ಎಷ್ಟೋ ಸಲ ಕಿವಿಗೆ ಬಿದ್ದಿದೆ. ಕೇಳಿದ್ದು ಮಾತ್ರ ಒಂದು ಸಲವೂ ಇಲ್ಲ.

ಕೊನೆಗೂ ಕೇಳಿದ್ದು, ನೇಮಕಾತಿ ಪಟ್ಟಿಯೊಂದರಲ್ಲಿ ನನ್ನ ಹೆಸರಿಲ್ಲ ಎಂದು ಗೊತ್ತಾದ ಸಂಜೆ. ಪುಸ್ತಕ ತೆರೆಯುವ ಮನಸ್ಸಿರಲಿಲ್ಲ, ಯಾರ ಜೊತೆಗೂ ಮಾತು ಬೇಡವಾಗಿತ್ತು. ಇಯರ್‌ಫೋನ್ ಹಾಕಿಕೊಂಡು ಗಣಪತಿ ಗುಡಿಯ ಕಡೆ ನಡೆದೆ. ಆಗ ಶುರುವಾದದ್ದು ‘ಮ್ಯಾರೀಡ್ ಲೈಫ್’ ಎಂಬ ನಾಲ್ಕು ನಿಮಿಷದ ತುಣುಕು.

‘ಅಪ್’ 2009ರ ಪಿಕ್ಸರ್ ಚಿತ್ರ. ಸಂಗೀತ ಮೈಕೆಲ್ ಜಕೀನೊ ಅವರದು. ಅದಕ್ಕೆ ಅವರಿಗೆ ಆಸ್ಕರ್ ಕೂಡ ಬಂತು. ಚಿತ್ರದ ಆರಂಭದಲ್ಲೇ ಕಾರ್ಲ್ ಮತ್ತು ಎಲ್ಲೀ ಎಂಬ ದಂಪತಿಯ ಇಡೀ ಬದುಕು ಒಂದೂ ಸಂಭಾಷಣೆಯಿಲ್ಲದೆ ಸರಿದುಹೋಗುತ್ತದೆ. ಮದುವೆ, ಆಗದ ಮಗು, ಪ್ರವಾಸಕ್ಕೆಂದು ಕೂಡಿಟ್ಟು ಮತ್ತೆ ಮತ್ತೆ ಖರ್ಚಾಗುವ ಚಿಲ್ಲರೆ, ಮುಪ್ಪು, ಕೊನೆಗೆ ಒಬ್ಬನೇ ಉಳಿಯುವ ಕಾರ್ಲ್. ಇದನ್ನೆಲ್ಲ ಹೇಳುವುದಕ್ಕೆ ಜಕೀನೊ ಆರಿಸಿಕೊಂಡದ್ದು ಒಂದೇ ಒಂದು ಸಣ್ಣ ಧಾಟಿ. ನಮ್ಮ ದಾದ್ರಾದಂತೆ ಮೂರು ಮೂರರ ಎಣಿಕೆಯಲ್ಲಿ ಅದು ಚುರುಕಾಗಿ ಹೊರಡುತ್ತದೆ. ಬಾಯಿಗೆ ಮುಚ್ಚಳವಿಟ್ಟು ಊದುವ ಟ್ರಂಪೆಟ್, ಪಿಟೀಲು, ಆಮೇಲೆ ಇಡೀ ವಾದ್ಯವೃಂದ. ನಂತರ ಒಬ್ಬೊಬ್ಬರೇ ಎದ್ದು ಹೋದಂತೆ ವಾದ್ಯಗಳು ಕಡಿಮೆಯಾಗುತ್ತವೆ. ಕೊನೆಗೆ ಅದೇ ಧಾಟಿಯನ್ನು ಪಿಯಾನೊ ಒಂದೇ ತಡೆತಡೆದು ನುಡಿಸುತ್ತದೆ. ನಮ್ಮ ಗಾಯಕರು ವಿಲಂಬಿತದಿಂದ ದ್ರುತಕ್ಕೆ ಹೋಗುತ್ತಾರೆ. ಇಲ್ಲಿ ದಾರಿ ಉಲ್ಟಾ. ಎಂಟು ತಿಂಗಳು ಇದು ನನ್ನ ಕಿವಿಯಲ್ಲೇ ಇತ್ತು. ನಾನು ಸಂವಿಧಾನದ ವಿಧಿಗಳನ್ನು ಉರು ಹೊಡೆಯುತ್ತಿದ್ದೆ.

‘ಚಿತ್ರ ನೋಡಿದ್ದೀಯ, ಅದಕ್ಕೇ ಹಾಗನ್ನಿಸಿತು. ದೃಶ್ಯ ತೆಗೆದರೆ ಅದರಲ್ಲೇನಿದೆ?’ ಎಂದು ಗೆಳೆಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಹಾಗಾಗಿ ಸಿನಿಮಾದ ಸುದ್ದಿಯನ್ನೇ ಹೇಳದೆ ಅದನ್ನು ಅಜ್ಜಿಗೆ ಕೇಳಿಸಿದೆ. ಅವಕ್ಕಿ ಆರಿಸುತ್ತಲೇ ಕೇಳಿದಳು. ಮುಗಿದ ಮೇಲೆ, ‘ಮೊದಲ ಮಂದಿ ಭಾಳ ಇದ್ರು. ಕಡೀಕ ಪೇಟಿ ಬಾರಸಾಂವ ಒಬ್ನ ಉಳದಾನ ನೋಡ’ ಎಂದಳು. ಅದು ಪೇಟಿಯಲ್ಲ, ಪಿಯಾನೊ ಎಂದು ತಿದ್ದಬೇಕೆನಿಸಲಿಲ್ಲ. ಕಾರ್ಲ್ ಯಾರು, ಎಲ್ಲೀ ಯಾರು ಎಂದು ಅವಳಿಗೆ ಗೊತ್ತಾಗಲಿಲ್ಲ ನಿಜ. ಆದರೆ ಸಂಗೀತದಲ್ಲಿ ಏನಾಯಿತು ಎಂಬುದು ಗೊತ್ತಾಯಿತು. ದೃಶ್ಯ ಹೋದರೆ ಕಥೆಯ ವಿವರ ಹೋಗುತ್ತದೆ, ಭಾವ ಹೋಗುವುದಿಲ್ಲ.

ಪೇಟಿಯ ಮಾತು ಬಂದರೆ ಬೆಳಗಾವಿಯವರಿಗೆ ನೆನಪಾಗುವ ಹೆಸರು ಪಂಡಿತ ರಾಂಭಾವು ಬಿಜಾಪುರೆ. 2010ರಲ್ಲಿ ತೀರಿಕೊಂಡ ಅವರು ಜೀವನದುದ್ದಕ್ಕೂ ದೊಡ್ಡ ದೊಡ್ಡ ಗಾಯಕರಿಗೆ ಹಾರ್ಮೋನಿಯಂ ಸಾಥ್ ಕೊಟ್ಟವರು. ಅಷ್ಟಕ್ಕೇ ನಿಲ್ಲದೆ, ಹಾರ್ಮೋನಿಯಂ ಒಂದನ್ನೇ ಮುಂದಿಟ್ಟುಕೊಂಡು ಸೋಲೊ ಕಛೇರಿಯನ್ನೂ ನಡೆಸಿದರು. ಗಾಯಕರ ಪಕ್ಕದಲ್ಲಿ ಕೂರುವ ವಾದ್ಯಕ್ಕೂ ತನ್ನದೇ ಮಾತಿದೆ ಎಂದು ತೋರಿಸಿಕೊಟ್ಟರು. ಸಿನಿಮಾದ ಹಿನ್ನೆಲೆ ಸಂಗೀತವೂ ಸಾಥ್ ಸಂಗೀತವೇ. ಅದನ್ನೂ ಒಮ್ಮೆ ವೇದಿಕೆಯ ನಡುವೆ ಕೂರಿಸಿ ಕೇಳಬೇಕು ಎಂಬುದು ನನ್ನ ವಾದ.

ಅನಿಮೇಷನ್ ಚಿತ್ರವೇ ಯಾಕೆ? ಅಲ್ಲಿ ಕ್ಯಾಮೆರಾದ ಮುಂದೆ ಉಸಿರಾಡುವ ನಟರಿಲ್ಲ, ಬೀದಿಯ ಸದ್ದಿಲ್ಲ. ಬರೆದ ಗೆರೆಗಳಿಗೆ ಪ್ರತಿಯೊಂದು ಶಬ್ದವನ್ನೂ ಹೊಸದಾಗಿ ಮಾಡಿಕೊಡಬೇಕು. ಹಾಗಾಗಿ ಸಂಗೀತದ ಹೆಗಲ ಮೇಲೆ ಹೆಚ್ಚಿನ ಭಾರ. ನಮಗೆ ಬಿಜಿಎಂ ಎಂದರೆ ನಾಯಕನ ಎಂಟ್ರಿ, ಇಲ್ಲವೇ ರಿಂಗ್‌ಟೋನ್. 2025ರಲ್ಲಿ ‘ಮಹಾವತಾರ ನರಸಿಂಹ’ ಅನಿಮೇಷನ್ ಚಿತ್ರವನ್ನು ಕನ್ನಡದಲ್ಲೂ ನೋಡಿದೆವು. ಗ್ರಾಫಿಕ್ಸ್ ಬಗ್ಗೆ ಗಂಟೆಗಟ್ಟಲೆ ಮಾತಾಡಿದ ನಮ್ಮ ಗುಂಪಿನಲ್ಲಿ ಸಂಗೀತ ನಿರ್ದೇಶಕರು ಸ್ಯಾಮ್ ಸಿ.ಎಸ್. ಎಂದು ಹೇಳಬಲ್ಲವರು ಒಬ್ಬರೂ ಇರಲಿಲ್ಲ, ನನ್ನನ್ನೂ ಸೇರಿಸಿ.

‘ಕೆಲಸ ಹುಡುಕುವ ಹೊತ್ತಿನಲ್ಲಿ ಇದೆಲ್ಲ ಯಾತಕ್ಕೆ?’ ಎನ್ನುವವರೂ ಇದ್ದಾರೆ. ಓದುವಾಗ ಸಂಗೀತ ಹಾಕಿಕೊಳ್ಳುವುದು ತಪ್ಪೆಂದು ನಾನೂ ಹೇಳುತ್ತಿಲ್ಲ, ಈಗಲೂ ಹಾಕಿಕೊಳ್ಳುತ್ತೇನೆ. ಆದರೆ ನಿರುದ್ಯೋಗದ ದಿನಗಳು ನಮಗೊಂದು ಕೆಟ್ಟ ಚಾಳಿ ಕಲಿಸುತ್ತವೆ. ಪೇಪರ್ ಓದಿದರೆ ಅಂಕಕ್ಕಾಗಿ, ನಡೆದರೆ ದೈಹಿಕ ಪರೀಕ್ಷೆಗಾಗಿ, ಸಂಗೀತ ಕೇಳಿದರೆ ಏಕಾಗ್ರತೆಗಾಗಿ. ಯಾವುದನ್ನೂ ಅದಕ್ಕಾಗಿಯೇ ಮಾಡುವುದು ಮರೆತುಹೋಗುತ್ತದೆ. ಬದುಕೆಲ್ಲ ಕೆಲಸ ಸಿಕ್ಕ ಮೇಲೆ ಎಂದು ಮುಂದೂಡುತ್ತ ಹೋಗುತ್ತೇವೆ. ಚಿಲ್ಲರೆ ಕೂಡಿಟ್ಟು ಪ್ರವಾಸ ಮುಂದೂಡಿದ ಕಾರ್ಲ್ ದಂಪತಿಯದೂ ಅದೇ ಕಥೆಯಲ್ಲವೇ?

ಆ ಸಂಜೆ ಸಂಗೀತ ಕೇಳಿದ್ದರಿಂದ ಪಟ್ಟಿಯಲ್ಲಿ ನನ್ನ ಹೆಸರೇನೂ ಸೇರಲಿಲ್ಲ. ಮರುದಿನ ಬೆಳಿಗ್ಗೆ ಅದೇ ಪುಸ್ತಕ, ಅದೇ ಪುಟ. ಆದರೆ ಸೋತದ್ದನ್ನು ನಾಲ್ಕು ನಿಮಿಷ ಸುಮ್ಮನೆ ಅನುಭವಿಸಲು ಜಾಗ ಸಿಕ್ಕಿತ್ತು. ಅಲ್ಲಿಯವರೆಗೆ ಆ ಜಾಗವನ್ನು ನಾನೇ ನನಗೆ ಕೊಟ್ಟಿರಲಿಲ್ಲ.

ಈಗ ಭಾನುವಾರ ರಾತ್ರಿ ಊಟವಾದ ಮೇಲೆ ಮೊಬೈಲ್ ಬೋರಲು ಹಾಕಿ, ದೀಪ ಆರಿಸಿ, ಒಂದೇ ಒಂದು ತುಣುಕು ಕೇಳುತ್ತೇನೆ. ನೀವೂ ನೋಡಿ ಮೆಚ್ಚಿದ ಯಾವುದಾದರೂ ಅನಿಮೇಷನ್ ಚಿತ್ರದ ಸಂಗೀತವನ್ನು ಹಾಗೊಮ್ಮೆ ಕೇಳಿ. ಜೊತೆಗೆ ಅಜ್ಜಿಯೋ ಅಮ್ಮನೋ ಇದ್ದರೆ ಅವರಿಗೂ ಒಂದು ಇಯರ್‌ಫೋನ್ ಕೊಡಿ. ನಿಮಗೆ ಕೇಳದ್ದು ಅವರಿಗೆ ಕೇಳಿಸಬಹುದು.